ಇನ್ನೊಂದೇ ಕುಸ್ತಿ

ಜಾತ್ರೆಯ ಕುಸ್ತಿಗೆ ಹೋದವರೆಲ್ಲ ಕಣದ ನಡುವೆ ಕಣ್ಣಿಡುತ್ತಾರೆ. ನೀವು ಒಮ್ಮೆ ಅಂಚಿನತ್ತ ನೋಡಿ. ಗಡಿಯಾಚೆ ಮಹಾರಾಷ್ಟ್ರದ ಉದಗೀರ, ನಿಲಂಗಾ, ಉಮರಗಾ ಕಡೆಯ ಯಾವ ಊರಿನ ಜಾತ್ರೆಯಾದರೂ ಸರಿ, ಮೊದಲ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಮುದುಕರಲ್ಲಿ ಹಳೆಯ ಪೈಲ್ವಾನ ಯಾರೆಂದು ಕೇಳಿ ತಿಳಿಯಬೇಕಾಗಿಲ್ಲ. ಟೊಪ್ಪಿಗೆಯ ಕೆಳಗಿನ ಕಿವಿಯೇ ಹೇಳುತ್ತದೆ. ಅದು ಕಿವಿಯಂತೆ ಕಾಣುವುದಿಲ್ಲ, ಯಾರೋ ಹಿಟ್ಟಿನ ಉಂಡೆ ಹಿಸುಕಿ ತಲೆಗೆ ಅಂಟಿಸಿದಂತೆ ಕಾಣುತ್ತದೆ. ಮಡಿಕೆಗಳೆಲ್ಲ ಮುಚ್ಚಿಹೋಗಿ, ಮುಟ್ಟಿದರೆ ಕಲ್ಲಿನ ಹಾಗೆ ಗಟ್ಟಿ.

ಕಿವಿಯ ಮೃದ್ವಸ್ಥಿಗೆ ತನ್ನದೇ ರಕ್ತನಾಳವಿಲ್ಲ. ಅದರ ಮೈಗೆ ಅಂಟಿಕೊಂಡ ತೆಳು ಪೊರೆಯೊಂದು ಅದಕ್ಕೆ ಅನ್ನ ಹಾಕುತ್ತದೆ. ಎದುರಾಳಿಯ ತಲೆ, ಮೊಣಕೈ, ಭುಜ ದಿನಾ ಕಿವಿಯನ್ನು ತಿಕ್ಕುತ್ತಿದ್ದರೆ ಒಂದು ದಿನ ಪೊರೆ ಕಿತ್ತು ಬರುತ್ತದೆ, ಸಂದಿಯಲ್ಲಿ ರಕ್ತ ತುಂಬುತ್ತದೆ. ಅಂದೇ ರಕ್ತ ತೆಗೆಸಿ ಬಿಗಿಯಾಗಿ ಪಟ್ಟಿ ಕಟ್ಟಿಸಿಕೊಂಡರೆ ಪೊರೆ ಮತ್ತೆ ಕೂಡಿಕೊಳ್ಳುತ್ತದೆ. ಬಿಟ್ಟರೆ ಅನ್ನ ಸಿಗದ ಮೃದ್ವಸ್ಥಿ ಸಾಯುತ್ತದೆ. ಪೊರೆ ಹೊಸದನ್ನು ಬೆಳೆಸುತ್ತದೆ, ಆದರೆ ಹೇಗೆಂದರೆ ಹಾಗೆ. ಹುಡುಗರು ಪಟ್ಟಿ ಕಟ್ಟಿಸಿಕೊಳ್ಳುವುದಿಲ್ಲ. ಕಿವಿ ಮುರಿದರೆ ತಾನೇ ಪೈಲ್ವಾನ! ಹದಿನೆಂಟರಲ್ಲಿ ಹೆಮ್ಮೆಯಿಂದ ಗಳಿಸಿದ ಈ ಗುರುತು ಎಪ್ಪತ್ತರಲ್ಲೂ ಹಾಗೇ ಇರುತ್ತದೆ. ಕುಸ್ತಿ ಬಿಟ್ಟರೂ ಕಿವಿ ಬಿಡುವುದಿಲ್ಲ.

ಕಿವಿಯ ವಿಷಯ ಕಣ್ಣಿಗೆ ಕಾಣುತ್ತದೆ. ಈ ಅಧ್ಯಾಯ ಕಣ್ಣಿಗೆ ಕಾಣದ, ಬಿಟ್ಟೂ ಬಿಡದ ಉಳಿದ ಅಂಗಗಳದ್ದು. ಹೊಡೆದಾಡುವ ಕಸುಬಿನವನಿಗೆ, ಬಾಕ್ಸರ್ ಇರಲಿ ಪೈಲ್ವಾನ ಇರಲಿ, ನಿಲ್ಲಿಸಬೇಕಾದ ದಿನ ಬಂದಾಗ ಅದೇಕೆ ಗೊತ್ತಾಗುವುದಿಲ್ಲ? ಗೊತ್ತಾದರೂ ಏಕೆ ಆಗುವುದಿಲ್ಲ? ಊರಿನವರು ದುಡ್ಡಿನಾಸೆ ಅನ್ನುತ್ತಾರೆ, ಪತ್ರಿಕೆಯವರು ಕೀರ್ತಿಯ ಹುಚ್ಚು ಅನ್ನುತ್ತಾರೆ. ಎರಡೂ ಸ್ವಲ್ಪ ಸ್ವಲ್ಪ ನಿಜ. ನನಗೆ ಕಾಣುವ ದೊಡ್ಡ ಕಾರಣ ಬೇರೆ: ಮೈ ಒಂದೇ ದಿನ ನಿವೃತ್ತಿಯಾಗುವುದಿಲ್ಲ. ಒಂದೊಂದು ಅಂಗಕ್ಕೆ ಒಂದೊಂದು ವಯಸ್ಸು. ಮೊದಲು ಕೈಕೊಡುವ ಅಂಗದ ಸುದ್ದಿ ಒಡೆಯನಿಗೆ ಕೊನೆಗೆ ಮುಟ್ಟುತ್ತದೆ.

ಮೊದಲು ಹೋಗುವುದು ಚುರುಕು. ದೀಪ ಹೊತ್ತಿದ ತಕ್ಷಣ ಗುಂಡಿ ಒತ್ತು ಎಂದರೆ ಆರೋಗ್ಯವಂತ ಯುವಕನಿಗೆ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಇಪ್ಪತ್ತೈದು ದಾಟಿದ ಮೇಲೆ ಇದು ನಿಧಾನವಾಗಿ ಹೆಚ್ಚುತ್ತ ಹೋಗುತ್ತದೆ, ಕೂದಲೆಳೆಯಷ್ಟು. ಒಳ್ಳೆಯ ಬಾಕ್ಸರ್‌ನ ಗುದ್ದು ಅಷ್ಟರೊಳಗೆ ಬಂದು ಮುಟ್ಟುವುದರಿಂದ, ಗುದ್ದನ್ನು ನೋಡಿ ತಪ್ಪಿಸಿಕೊಳ್ಳುವುದು ಯಾರಿಗೂ ಆಗದ ಮಾತು. ತಪ್ಪಿಸಿಕೊಳ್ಳುವವನು ನೋಡುವುದು ಎದುರಾಳಿಯ ಭುಜ, ಸೊಂಟ, ಹಿಮ್ಮಡಿ. ಗುದ್ದು ಹೊರಡುವ ಮೊದಲೇ ಓದುತ್ತಾನೆ. ಈ ಓದು ಅನುಭವದಿಂದ ಬರುವುದು; ವಯಸ್ಸಾದಂತೆ ಚೆನ್ನಾಗುತ್ತದೆ. ಹಾಗಾಗಿ ಮೂವತ್ತರ ಬಾಕ್ಸರ್‌ನಲ್ಲಿ ಚುರುಕು ಕಡಿಮೆಯಾದದ್ದನ್ನು ಅನುಭವ ಮುಚ್ಚಿಡುತ್ತದೆ. ಕಳ್ಳ ಮನೆ ಹೊಕ್ಕಿದ್ದಾನೆ, ಆದರೆ ತಿಜೋರಿಗೆ ದಿನಾ ಇನ್ನೊಬ್ಬ ದುಡ್ಡು ತುಂಬುತ್ತಿದ್ದಾನೆ. ಲೆಕ್ಕ ಸರಿಯಾಗೇ ಕಾಣುತ್ತದೆ. ತುಂಬುವವನ ಕೈ ಸೋತ ದಿನ, ಸಾಮಾನ್ಯವಾಗಿ ಮೂವತ್ತೈದರ ಆಚೀಚೆ, ಒಮ್ಮೆಗೇ ದಿವಾಳಿ.

ಕೊನೆಗೆ ಹೋಗುವುದು ಬಲ. ಸ್ನಾಯುವಿನಲ್ಲಿ ಸರಕ್ಕನೆ ಸೆಳೆಯುವ ಎಳೆಗಳು ಬೇರೆ, ನಿಧಾನವಾಗಿ ತಾಳಿಕೊಳ್ಳುವ ಎಳೆಗಳು ಬೇರೆ. ವಯಸ್ಸು ಮೊದಲು ಕತ್ತರಿಸುವುದು ಸರಕ್ಕನೆಯವನ್ನು. ಆದರೂ ದಿನಾ ಸಾಮು ಮಾಡುವವನ ಒಟ್ಟು ತ್ರಾಣ ನಲವತ್ತರವರೆಗೂ ಹೆಚ್ಚು ಇಳಿಯುವುದಿಲ್ಲ. ಅದಕ್ಕೇ ಜಿಮ್ಮಿನಲ್ಲಿ ಮರಳು ಚೀಲ ಗುದ್ದುವ ಮುದಿ ಬಾಕ್ಸರ್‌ಗೆ ಎಲ್ಲ ಮೊದಲಿನ ಹಾಗೇ ಅನ್ನಿಸುತ್ತದೆ. ಚೀಲ ಅದೇ ಸದ್ದು ಮಾಡುತ್ತದೆ, ಅಷ್ಟೇ ದೂರ ಹಾರುತ್ತದೆ. ಚೀಲ ತಿರುಗಿ ಹೊಡೆಯುವುದಿಲ್ಲ ನೋಡಿ. ನಮ್ಮ ಕಡೆ ಹಳೆಯ ಪೈಲ್ವಾನನೊಬ್ಬನ ಕೈ ಕುಲುಕಿದವರಿಗೆ ಇದು ಗೊತ್ತು. ಮೊಣಕಾಲು ಹೋಗಿದೆ, ಮೆಟ್ಟಿಲು ಹತ್ತಲು ಆಗದು. ಹಿಡಿತ ಮಾತ್ರ ನಿಮ್ಮ ಬೆರಳು ನುಜ್ಜುಗುಜ್ಜು ಮಾಡುವಷ್ಟು. ಅವನ ಲೆಕ್ಕದಲ್ಲಿ ಆ ಹಿಡಿತವೇ ಅವನು. ಮೊಣಕಾಲಿನದು ತಾತ್ಕಾಲಿಕ ತೊಂದರೆ.

ಈ ಭ್ರಮೆಗೆ ತುಪ್ಪ ಸುರಿದದ್ದು ಜಾರ್ಜ್ ಫೋರ್ಮನ್. 1977ರಲ್ಲಿ ಬಾಕ್ಸಿಂಗ್ ಬಿಟ್ಟು ಧರ್ಮಬೋಧಕನಾದ ಈ ಮನುಷ್ಯ ಹತ್ತು ವರ್ಷಕ್ಕೆ ಮರಳಿ ಬಂದ. 1994ರ ನವೆಂಬರ್‌ನಲ್ಲಿ, 45ನೇ ವಯಸ್ಸಿನಲ್ಲಿ, ಮೈಕೆಲ್ ಮೂರರ್‌ನನ್ನು ಮಲಗಿಸಿ ಹೆವಿವೇಟ್ ಪಟ್ಟ ಗೆದ್ದ. ಪಂದ್ಯದುದ್ದಕ್ಕೂ ಏಟು ತಿಂದವನು ಅವನೇ. ಹತ್ತನೇ ಸುತ್ತಿನಲ್ಲಿ ಸಿಕ್ಕ ಒಂದೇ ಅವಕಾಶದಲ್ಲಿ ಬಲಗೈ ಕೆಲಸ ಮಾಡಿತು. ಚುರುಕು ಹೋದಮೇಲೂ ಬಲ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಜಗತ್ತಿನ ಬಾಕ್ಸರ್‌ಗಳು ಕಲಿತದ್ದು ಮಾತ್ರ ಇನ್ನೊಂದು ಪಾಠ: ಮರಳಿ ಬಂದರೆ ಗೆಲ್ಲಬಹುದು. ಇವಾಂಡರ್ ಹೋಲಿಫೀಲ್ಡ್ 2021ರಲ್ಲಿ 58ನೇ ವಯಸ್ಸಿಗೆ ಕಣಕ್ಕಿಳಿದು ಮೊದಲ ಸುತ್ತಿನಲ್ಲೇ ಮುಗಿದ. 2005ರಲ್ಲೇ ಕೈಗವಸು ತೆಗೆದಿಟ್ಟಿದ್ದ ಮೈಕ್ ಟೈಸನ್, 2024ರ ನವೆಂಬರ್‌ನಲ್ಲಿ ತನ್ನ ಅರ್ಧಕ್ಕಿಂತ ಕಡಿಮೆ ವಯಸ್ಸಿನ ಹುಡುಗನ ಎದುರು ಎಂಟು ಸುತ್ತು ನಿಂತು ಸೋತ. ಅವನಿಗೂ ಆಗ 58.

ನಮ್ಮ ಮೇರಿ ಕೋಮ್ ಅವರದ್ದೂ ಇದೇ ಸಂಕಟ. 2024ರ ಜನವರಿಯಲ್ಲಿ ಅವರು ನಿವೃತ್ತಿಯಾದರೆಂದು ಒಂದು ದಿನ ಸುದ್ದಿಯಾಯಿತು. ಮರುದಿನ ಅವರೇ ಅಲ್ಲಗಳೆದರು. ಅಮೆಚೂರ್ ಬಾಕ್ಸಿಂಗಿನ ನಿಯಮದಂತೆ ನಲವತ್ತು ದಾಟಿದವರಿಗೆ ಅಂತರರಾಷ್ಟ್ರೀಯ ಕೂಟ ಇಲ್ಲ, ಆದರೆ ತಮ್ಮ ಹಸಿವು ತೀರಿಲ್ಲ ಎಂಬುದು ಅವರ ಮಾತಿನ ಸಾರ. ಅಲ್ಲಿ ನಿಯಮವಾದರೂ ಒಂದಿದೆ. ವೃತ್ತಿಪರ ಬಾಕ್ಸಿಂಗಿನಲ್ಲಿ ಜಗತ್ತಿಗೆಲ್ಲ ಒಂದೇ ಎನ್ನುವಂಥ ವಯಸ್ಸಿನ ಗೆರೆಯೇ ಇಲ್ಲ.

ಈಗ ತಲೆಬುರುಡೆಯ ಒಳಗೆ ಹೋಗೋಣ. ಅಸಲು ವಿಷಯ ಅಲ್ಲಿದೆ.

1928ರಲ್ಲಿ ಅಮೆರಿಕದ ನ್ಯೂಜೆರ್ಸಿಯ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್, ಕೆಲವು ಹಳೆಯ ಬಾಕ್ಸರ್‌ಗಳು ಕುಡಿಯದೇ ಕುಡಿದವರಂತೆ ತೂರಾಡುವುದನ್ನು ಬರೆದಿಟ್ಟ. ಬಾಕ್ಸಿಂಗಿನವರ ಬಾಯಲ್ಲಿ ಅದಕ್ಕೆ ಮೊದಲೇ ಹೆಸರಿತ್ತು, 'ಪಂಚ್ ಡ್ರಂಕ್'. 1969ರಲ್ಲಿ ಲಂಡನ್ನಿನ ರಾಬರ್ಟ್ಸ್ ಎಂಬ ವೈದ್ಯ 224 ಮಂದಿ ಮಾಜಿ ವೃತ್ತಿಪರ ಬಾಕ್ಸರ್‌ಗಳನ್ನು ಪರೀಕ್ಷಿಸಿದಾಗ 37 ಮಂದಿಯಲ್ಲಿ, ಅಂದರೆ ಶೇ. 17ರಷ್ಟು ಜನರಲ್ಲಿ ಈ ಲಕ್ಷಣ ಕಂಡ. ಹೆಚ್ಚು ವರ್ಷ ಆಡಿದವರಲ್ಲಿ ಹೆಚ್ಚು. 1973ರಲ್ಲಿ ಕಾರ್ಸೆಲಿಸ್ ಎಂಬ ರೋಗವಿಜ್ಞಾನಿ ತೀರಿಹೋದ 15 ಬಾಕ್ಸರ್‌ಗಳ ಮಿದುಳು ಕೊಯ್ದು ನೋಡಿದ ಮೇಲೆ ಅನುಮಾನಕ್ಕೆ ಎಡೆ ಉಳಿಯಲಿಲ್ಲ.

ಒಳಗೆ ಆಗುವುದೇನು? ಲಾತೂರ್ ರೋಡಿನಿಂದ ಉದಗೀರ, ಬೀದರ್ ಹಾದು ವಿಕಾರಾಬಾದಿಗೆ ಹೋಗುವ ರೈಲು ಹಳಿ ನೆನೆಸಿಕೊಳ್ಳಿ. ನರಕೋಶದ ಉದ್ದ ಬಾಲದೊಳಗೂ ಅಂಥ ಹಳಿಗಳಿವೆ, ಸರಕು ಸಾಗಿಸಲು. ಹಳಿ ಅಲುಗದಂತೆ ಹಿಡಿದಿಡುವ ಅಡ್ಡಪಟ್ಟಿಯ ಕೆಲಸ ಟಾವ್ ಎಂಬ ಪ್ರೋಟೀನಿನದು. ತಲೆಗೆ ಏಟು ಬಿದ್ದಾಗ ಬುರುಡೆ ತಟ್ಟನೆ ತಿರುಗುತ್ತದೆ. ಸುಮಾರು 1.4 ಕಿಲೋ ತೂಗುವ, ಮೊಸರಿನಷ್ಟು ಮೆತ್ತಗಿನ ಮಿದುಳು ಅಷ್ಟೇ ಬೇಗ ತಿರುಗಲಾರದು. ಹಿಂದೆ ಉಳಿದು ಎಳೆದಾಡುತ್ತದೆ. ಆ ಎಳೆದಾಟದಲ್ಲಿ ಹಳಿಗಳು ಮುರಿಯುತ್ತವೆ, ಅಡ್ಡಪಟ್ಟಿಗಳು ಕಿತ್ತುಬರುತ್ತವೆ. ಕಿತ್ತ ಟಾವ್ ಸುಮ್ಮನೆ ಬಿದ್ದಿರುವುದಿಲ್ಲ. ಒಂದಕ್ಕೊಂದು ಹೆಣೆದು ಗಂಟಾಗುತ್ತದೆ. ಗಂಟುಗಳು ಮಿದುಳಿನ ಮಡಿಕೆಗಳ ತಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ ಮೊದಲು ಕೂಡುತ್ತವೆ. ಏಟು ನಿಂತ ಎಷ್ಟೋ ವರ್ಷದ ಮೇಲೂ ಹಬ್ಬುತ್ತ ಹೋಗಬಲ್ಲವು. ತಲೆಗೆ ಕಟ್ಟುವ ಮೆತ್ತೆ ಹುಬ್ಬು ಸೀಳುವುದನ್ನು ತಪ್ಪಿಸುತ್ತದೆ, ತಲೆ ತಿರುಗುವುದನ್ನು ತಪ್ಪಿಸಲಾರದು. ಹೀಗೆ ಆಗಲು ಪ್ರಜ್ಞೆ ತಪ್ಪುವಂಥ ದೊಡ್ಡ ಏಟೇ ಬೇಕೆಂದಿಲ್ಲ. ಅಭ್ಯಾಸದಲ್ಲಿ ಗೆಳೆಯನಿಂದ ದಿನಾ ತಿನ್ನುವ ಸಣ್ಣ ಏಟುಗಳದ್ದೇ ದೊಡ್ಡ ಲೆಕ್ಕ.

ವಯಸ್ಸಿನ ಪಾತ್ರ ಇಲ್ಲಿ ಇನ್ನೊಂದಿದೆ. ನಡುವಯಸ್ಸು ದಾಟಿದಂತೆ ಎಲ್ಲರ ಮಿದುಳೂ ಸ್ವಲ್ಪ ಸ್ವಲ್ಪವಾಗಿ ಕುಗ್ಗುತ್ತದೆ. ಬುರುಡೆ ಕುಗ್ಗುವುದಿಲ್ಲ. ಒಣಗಿದ ಕಾಯಿಯೊಳಗೆ ಕೊಬ್ಬರಿ ಕರಟ ಬಿಟ್ಟುಕೊಂಡು ಗಡಗಡ ಅಲ್ಲಾಡುವುದಿಲ್ಲವೇ, ಆ ದಾರಿಯಲ್ಲಿ ಇದು ಮೊದಲ ಹೆಜ್ಜೆ. ಮಿದುಳಿಗೂ ಹೊರಪೊರೆಗೂ ನಡುವೆ ಸೇತುವೆಯಂತಿರುವ ಸಣ್ಣ ರಕ್ತನಾಳಗಳು ಆಗ ಬಿಗಿಯಾಗಿ ಎಳೆದುಕೊಂಡಿರುತ್ತವೆ. ಹುಡುಗನಾಗಿದ್ದಾಗ ತಾಳಿಕೊಂಡ ಏಟಿಗೆ ಈಗ ಹರಿಯಬಹುದು. ಕಣದಲ್ಲಿ ಸತ್ತ ಬಾಕ್ಸರ್‌ಗಳಲ್ಲಿ ಹೆಚ್ಚಿನವರ ಸಾವು ಹೀಗೆ ಹರಿದ ನಾಳದಿಂದ ಸೋರಿದ ರಕ್ತ ಮಿದುಳನ್ನು ಒತ್ತಿದ್ದರಿಂದಲೇ.

ಮೊಹಮ್ಮದ್ ಅಲಿಯ ಕಥೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಅವನ ವೈದ್ಯ ಫರ್ಡಿ ಪಚೆಕೊ ಸಾಕು ನಿಲ್ಲಿಸು ಎಂದು ಹೇಳಿ ಹೇಳಿ 1977ರಲ್ಲಿ ತಾನೇ ಬಿಟ್ಟುಹೋದ. 1980ರಲ್ಲಿ ಲ್ಯಾರಿ ಹೋಮ್ಸ್ ಜೊತೆಗಿನ ಪಂದ್ಯಕ್ಕೆ ಮುಂಚೆ ಮೇಯೋ ಕ್ಲಿನಿಕ್‌ನಲ್ಲಿ ತಪಾಸಣೆ ಮಾಡಿಸಿದರು. ಒಂಟಿಕಾಲಲ್ಲಿ ಕುಪ್ಪಳಿಸುವಾಗ ಇರಬೇಕಾದಷ್ಟು ಲವಲವಿಕೆ ಇಲ್ಲ, ಬೆರಳನ್ನು ಮೂಗಿಗೆ ಮುಟ್ಟಿಸು ಎಂದರೆ ಗುರಿ ತುಸು ತಪ್ಪುತ್ತದೆ ಎಂದು ವರದಿಯಲ್ಲೇ ಬರೆದಿತ್ತು. ಜಗತ್ತಿನಲ್ಲೇ ಅತಿ ಚುರುಕಿನ ಹೆವಿವೇಟ್ ಎನಿಸಿಕೊಂಡಿದ್ದವನ ಬೆರಳು ತನ್ನ ಮೂಗನ್ನೇ ಹುಡುಕುತ್ತಿತ್ತು. ಪರವಾನಗಿ ಸಿಕ್ಕಿತು. ಹೋಮ್ಸ್ ಹತ್ತು ಸುತ್ತು ಬಡಿದ. ಮರುವರ್ಷ ಡಿಸೆಂಬರ್‌ನಲ್ಲಿ ಬಹಾಮಾಸ್‌ನಲ್ಲಿ ಇನ್ನೊಂದು ಪಂದ್ಯ, ಇನ್ನೊಂದು ಸೋಲು. 1984ರಲ್ಲಿ ಪಾರ್ಕಿನ್ಸನ್ ಎಂದು ಹೇಳಿದರು. ಏಟುಗಳೇ ಕಾರಣವೋ, ಇಲ್ಲದಿದ್ದರೂ ಬರುತ್ತಿತ್ತೋ ಎಂಬಲ್ಲಿ ವೈದ್ಯರಿಗೆ ಒಮ್ಮತವಿಲ್ಲ. ಆ ಕೊನೆಯ ಎರಡು ಪಂದ್ಯಗಳಿಂದ ಅವನಿಗೆ ಒಳ್ಳೆಯದಾಯಿತು ಎನ್ನುವವರಂತೂ ಯಾರೂ ಇಲ್ಲ.

ಅಲಿಗೆ ಬುದ್ಧಿ ಇರಲಿಲ್ಲವೇ? ಅವನಷ್ಟು ಬುದ್ಧಿವಂತ ಬಾಕ್ಸರ್ ಸಿಗುವುದು ಕಷ್ಟ. ಆದರೆ ಮುಂದಾಲೋಚನೆ, ತನ್ನನ್ನು ತಾನು ಅಳೆದುಕೊಳ್ಳುವುದು, ಇವು ಹಣೆಯ ಹಿಂದಿನ ಭಾಗದ ಕೆಲಸ. ಆ ಭಾಗದ ಜೊತೆ ತಂತಿ ಬೆಸೆದುಕೊಂಡಿರುವ, ಅಭ್ಯಾಸವನ್ನೂ ಬಹುಮಾನದ ಆಸೆಯನ್ನೂ ನಡೆಸುವ ಒಳಗಂಟು ಒಂದಿದೆ, ಕಾಡೇಟ್ ಎಂದು. 2011ರಿಂದ ಲಾಸ್ ವೇಗಾಸ್‌ನಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ವೃತ್ತಿಪರ ಹೊಡೆದಾಟಗಾರರ ಮಿದುಳನ್ನು ವರ್ಷವರ್ಷ ಸ್ಕ್ಯಾನ್ ಮಾಡುತ್ತ ಬಂದಿದ್ದಾರೆ. ಹೆಚ್ಚು ಪಂದ್ಯ ಆಡಿದವರಲ್ಲಿ ಕಾಡೇಟ್ ಮತ್ತು ಥಲಮಸ್ ಎಂಬ ಇನ್ನೊಂದು ಒಳಗಂಟು ಎರಡೂ ಚಿಕ್ಕದಾಗಿರುವುದು ಅವರಿಗೆ ಕಂಡಿದೆ. ಅಂದರೆ 'ನಿಲ್ಲಿಸಬೇಕೇ?' ಎಂಬ ಮೊಕದ್ದಮೆ ಯಾವ ನ್ಯಾಯಾಧೀಶನ ಮುಂದೆ ಬರುತ್ತದೋ, ಹತ್ತು ಹದಿನೈದು ವರ್ಷದಿಂದ ಏಟು ತಿನ್ನುತ್ತಿರುವವನು ಅವನೇ. ಮೊಣಕಾಲು ಕೆಟ್ಟರೆ ಮಿದುಳಿಗೆ ಗೊತ್ತಾಗುತ್ತದೆ. ಮಿದುಳು ಕೆಟ್ಟರೆ ಯಾರಿಗೆ ಗೊತ್ತಾಗಬೇಕು? ಸಾಮಾನ್ಯವಾಗಿ ಹೆಂಡತಿಗೆ.

ಅದೇ ಅಧ್ಯಯನದಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಹೊಡೆದಾಟ ಬಿಟ್ಟವರ ನೆನಪು, ಯೋಚನೆಯ ವೇಗ ಇತ್ಯಾದಿ ಮುಂದಿನ ವರ್ಷಗಳಲ್ಲಿ ಒಂದಿಷ್ಟು ಸುಧಾರಿಸಿವೆ. ನರಗಳಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಪ್ರೋಟೀನೊಂದರ ಮಟ್ಟ ಇಳಿದಿದೆ. ಎಲ್ಲರದೂ ಸರಿಹೋಗುತ್ತದೆ ಎಂದಲ್ಲ. ಹೇಗೂ ಹಾಳಾಗಿದೆ, ಇನ್ನೊಂದಾಡಿದರೇನು ಎಂಬ ವಾದ ಮಾತ್ರ ನಿಲ್ಲುವುದಿಲ್ಲ.

ಕುಸ್ತಿಯಲ್ಲಿ ಗುದ್ದಿಲ್ಲ. ಕುತ್ತಿಗೆ, ಮೊಣಕಾಲು, ಭುಜ, ಕಿವಿ ಹೋಗುತ್ತವೆ. ಎತ್ತಿ ಒಗೆದಾಗ ತಲೆಗೂ ಪೆಟ್ಟಾಗುತ್ತದೆ. ಆದರೂ ಬಾಕ್ಸಿಂಗಿನಂತೆ ತಲೆಯೇ ಗುರಿಯಲ್ಲ. ಹಾಗಾದರೆ ಪೈಲ್ವಾನನಿಗೆ ಬಿಡುವುದು ಸುಲಭವಾಗಬೇಕಿತ್ತು. ಆಗುವುದಿಲ್ಲ. ಗಡಿಯ ಈ ಮೂರು ತಾಲ್ಲೂಕು ನನಗೆ ಬೇಕಾದದ್ದು ಇದಕ್ಕೇ. ನಿಲಂಗಾ, ಉದಗೀರ ಎರಡೂ ನಿಜಾಮರ ಕಾಲದಲ್ಲಿ ಬೀದರ್ ಜಿಲ್ಲೆಗೆ ಸೇರಿದ್ದವು, 1956ರಲ್ಲಿ ಆಚೆಗೆ ಹೋದವು. ಉಮರಗಾದಿಂದ ಆಳಂದ, ಬಸವಕಲ್ಯಾಣ ಎರಡೂ ಹತ್ತಿರ. ಇಲ್ಲಿ ಎಷ್ಟೋ ಮನೆಗಳಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ತಾಲೀಮಿನಲ್ಲಿ ಉರ್ದುವಿನಿಂದ ಬಂದ ಮಾತು: ವಸ್ತಾದ (ಗುರು), ಖುರಾಕು (ಪೈಲ್ವಾನನ ಊಟ), ಜೋಡಿ, ಚಿತ್. ನೆಲ ಕರಿ ಎರೆ. ಮಳೆಗೆ ಅಂಟು, ಬೇಸಿಗೆಗೆ ಬಿರುಕು ಬಿಟ್ಟ ಕಲ್ಲು, ಕುಸ್ತಿಗೆ ಬಾರದು. ಅಖಾಡಕ್ಕೆ ಕೆಂಪು ಮಣ್ಣು ಹೇರಿ ತಂದು ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡಬೇಕು.

ಜಾತ್ರೆಯ ಕಣದಲ್ಲಿ ವಯಸ್ಸಿನ ದಾಖಲೆ ಕೇಳುವವರಿಲ್ಲ. ಹಿರಿಯರು ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ, ಮೈಕಟ್ಟು ನೋಡಿ, ಕಣ್ಣಳತೆಯಲ್ಲಿ ಜೋಡಿ ಕಟ್ಟುತ್ತಾರೆ. ಕಣ್ಣಿಗೆ ಕಾಣುವುದು ತೋಳು, ಕುತ್ತಿಗೆ, ಎದೆ. ಆಗಲೇ ಹೇಳಿದೆನಲ್ಲ, ಕೊನೆಗೆ ಹೋಗುವುದು ಅವೇ. ಮೊದಲೇ ಹೋದ ಚುರುಕು ಕಣ್ಣಳತೆಗೆ ಸಿಗುವುದಿಲ್ಲ. ಹಲಗಿಯ ಸದ್ದು ಏರುತ್ತದೆ, ಯಾರೋ ಧ್ವನಿವರ್ಧಕದಲ್ಲಿ ಹಳೆಯ ಹೆಸರು ಕೂಗುತ್ತಾರೆ, "ಇನ್ನೊಂದ್ ಹಿಡೀರಿ ವಸ್ತಾದ, ಒಂದಽ ಒಂದು" ಎಂದು ಮಂದಿ ದುಂಬಾಲು ಬೀಳುತ್ತಾರೆ. ಗೆಲುವು ಸೋಲು ಗೊತ್ತಿಲ್ಲದ ಆ ಗಳಿಗೆಯಲ್ಲೇ ಮಿದುಳಿನಲ್ಲಿ ಆಸೆ ಕೆರಳಿಸುವ ಡೋಪಮೈನ್ ಜಿನುಗುತ್ತದೆ. ಇಸ್ಪೀಟಿನವನನ್ನು ಏಳಗೊಡದಿರುವುದೂ ಇದೇ.

ಇಷ್ಟಿದ್ದರೂ ಗರಡಿಗೆ ಬಾಕ್ಸಿಂಗಿನಲ್ಲಿಲ್ಲದ ಒಂದು ಬಾಗಿಲಿದೆ. ಹರಿಶ್ಚಂದ್ರ ಬಿರಾಜದಾರರು ಆ ಬಾಗಿಲಿನಿಂದ ಹೊರಬಂದವರು. ಊರು ನಿಲಂಗಾ ತಾಲ್ಲೂಕಿನ ರಾಮಲಿಂಗ ಮುದಗಡ. ಅಡ್ಡಹೆಸರು ನೋಡಿ, ಬೀದರಿನಲ್ಲಿ ಬಿರಾದಾರ, ಗಡಿ ದಾಟಿದರೆ ಬಿರಾಜದಾರ. 1969ರಲ್ಲಿ ಮಹಾರಾಷ್ಟ್ರ ಕೇಸರಿಯಾದರು. 1970ರ ಎಡಿನ್‌ಬರೋ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ತಂದರು, ಆಗ ವಯಸ್ಸು ಇಪ್ಪತ್ತು. ಮುಂದೆ ರುಸ್ತುಮ್-ಎ-ಹಿಂದ್ ಎನಿಸಿಕೊಂಡರು. ಕುಸ್ತಿ ಹಿಡಿಯುವುದು ನಿಂತ ಮೇಲೆ ಪುಣೆಯ ಗೋಕುಲ ವಸ್ತಾದ ತಾಲೀಮಿನಲ್ಲಿ ಹುಡುಗರನ್ನು ತಯಾರು ಮಾಡುತ್ತ ಕೂತರು. 2006ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಬಂತು, 2011ರಲ್ಲಿ ತೀರಿಕೊಂಡರು. ಅವರ ಶಿಷ್ಯ, ಬೀಡ್ ಜಿಲ್ಲೆಯ ರಾಹುಲ್ ಅವಾರೆ 2018ರ ಗೋಲ್ಡ್ ಕೋಸ್ಟ್ ಕೂಟದಲ್ಲಿ ಚಿನ್ನ ಗೆದ್ದು, ಕಣ್ಣೀರಿಡುತ್ತ ಅದನ್ನು ಗುರುವಿಗೆ ಅರ್ಪಿಸಿದ. ಗುರುವಿನ ಚಿನ್ನಕ್ಕೂ ಶಿಷ್ಯನದಕ್ಕೂ 48 ವರ್ಷದ ಅಂತರ.

ಆಟ ಬಿಟ್ಟವರ ಮನಸ್ಸನ್ನು ಓದಿದ ವಿಜ್ಞಾನಿಗಳು ಹೇಳುವುದು ಇಷ್ಟು: 'ನಾನು ಆಟಗಾರ' ಎಂಬುದನ್ನು ಬಿಟ್ಟರೆ ತನಗೆ ಬೇರೆ ಗುರುತೇ ಇಲ್ಲದವನಿಗೆ ನಿವೃತ್ತಿ ಅರ್ಧ ಸಾವಿದ್ದಂತೆ. ವಸ್ತಾದನಿಗೆ ಗುರುತು ಬದಲಾಗುವುದಿಲ್ಲ. ಅದೇ ಮಣ್ಣು, ಅದೇ ನಸುಕಿನ ನಾಲ್ಕು ಗಂಟೆ, ಅದೇ ಬೆವರಿನ ವಾಸನೆ. ಕಣದಿಂದ ಅಂಚಿಗೆ ಎರಡು ಮಾರು ಸರಿದರೆ ಆಯಿತು. ಬಾಕ್ಸಿಂಗಿನಲ್ಲೂ ಕೋಚ್‌ಗಳಿದ್ದಾರೆ ನಿಜ, ಆದರೆ ಸೋತ ಬಾಕ್ಸರ್‌ನ ಹೆಸರು ಮಾರಾಟದ ಸರಕು. ಏರುತ್ತಿರುವ ಹುಡುಗನಿಗೆ ಮೆಟ್ಟಿಲಾಗಲು ಅವನಿಗೇ ದುಡ್ಡು ಕೊಡುತ್ತಾರೆ. ಗರಡಿಯಲ್ಲಿ ಮೆಟ್ಟಿಲಾಗುವುದು ಗೌರವದ ಕೆಲಸ. ಒಲಿಂಪಿಕ್ ಶೈಲಿಯ ಪೈಲ್ವಾನರು ಕೊನೆಯ ಪಂದ್ಯದ ಬಳಿಕ ಬೂಟು ಕಳಚಿ ಮ್ಯಾಟಿನ ನಡುವೆ ಬಿಟ್ಟು ನಡೆಯುತ್ತಾರೆ, ನೋಡಲು ಚೆಂದ. ಮಣ್ಣಿನವರಿಗೆ ಆ ಭಾಗ್ಯವಿಲ್ಲ. ಬರಿಗಾಲಿನವರು, ಬಿಟ್ಟುಬರಲು ಮೈಮೇಲೆ ಇರುವುದೊಂದು ಲಂಗೋಟ.

ಗರಡಿ ಎಲ್ಲವನ್ನೂ ಬಗೆಹರಿಸಿದೆ ಎಂದರೆ ಸುಳ್ಳಾದೀತು. ಹೊಟ್ಟೆಗೆ ವಸ್ತಾದನ ಪಟ್ಟ ಇಲ್ಲ. ದಿನಕ್ಕೆ ಸಾವಿರಗಟ್ಟಲೆ ಬೈಠಕ್ ಹೊಡೆಯುವಾಗ ಲೀಟರುಗಟ್ಟಲೆ ಹಾಲು, ಬೆಣ್ಣೆ, ಬಾದಾಮಿ ಥಂಡಾಯಿ, ಮಟನ್ ಎಲ್ಲ ಕರಗುತ್ತಿತ್ತು. ಬೈಠಕ್ ನಿಂತರೂ ಖುರಾಕು ನಿಲ್ಲುವುದಿಲ್ಲ. ನಿಂತರೆ ಮೈ ಇಳಿದೀತು, ಇಳಿದರೆ ಊರಲ್ಲಿ ಪೈಲ್ವಾನ ಅಂತ ಯಾರು ಕರೆದಾರು? ತೋಳಿನಲ್ಲಿದ್ದದ್ದು ಸೊಂಟಕ್ಕೆ ಬರುತ್ತದೆ. ಹಿಂದೆಯೇ ಸಕ್ಕರೆ, ಬಿಪಿ, ರಾತ್ರಿ ಉಸಿರು ಕಟ್ಟುವ ಗೊರಕೆ. ಫಿನ್ಲೆಂಡಿನಲ್ಲಿ 1920ರಿಂದ 1965ರ ನಡುವೆ ದೇಶಕ್ಕೆ ಆಡಿದ 2,613 ಆಟಗಾರರ ಆಯುಸ್ಸನ್ನು ಲೆಕ್ಕ ಹಾಕಿದ್ದಾರೆ. ದೂರದ ಓಟ, ಹಿಮಜಾರುವಿಕೆಯವರು ಸರಾಸರಿ 75.6 ವರ್ಷ. ಬಾಕ್ಸಿಂಗ್, ಕುಸ್ತಿ, ಭಾರ ಎತ್ತುವಿಕೆಯಂಥ ಬಲದ ಆಟದವರು 71.5. ಆಟವಾಡದ ಸಾಮಾನ್ಯರು 69.9. ಅಂದರೆ ಪೈಲ್ವಾನಿಕೆಯಿಂದ ನಷ್ಟವಿಲ್ಲ, ಆದರೆ ಅಷ್ಟು ಬೆವರು ಸುರಿಸಿದ್ದಕ್ಕೆ ಸಿಕ್ಕ ಲಾಭ ಎರಡು ವರ್ಷಕ್ಕೂ ಕಡಿಮೆ. ಕಣದಲ್ಲಿ ಗಳಿಸಿದ್ದನ್ನು ಕಣ ಬಿಟ್ಟ ಮೇಲಿನ ಊಟದ ತಾಟಿನಲ್ಲಿ ಕಳೆಯುತ್ತಾರೇನೋ ಎಂಬುದು ನನ್ನ ಅನುಮಾನ. ಬೆಳಗಾವಿ ಜಿಲ್ಲೆಯ ಯಕ್ಸಂಬಾದಿಂದ ಕೊಲ್ಹಾಪುರಕ್ಕೆ ಹೋಗಿ 1959ರಲ್ಲಿ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆ 86 ವರ್ಷ ಬದುಕಿ 2020ರಲ್ಲಿ ತೀರಿಕೊಂಡರು. ಒಬ್ಬರಿಂದ ಲೆಕ್ಕ ಬದಲಾಗದು. ಫೋರ್ಮನ್‌ನ ವಿಷಯದಲ್ಲೂ ಅಷ್ಟೇ.

ಜಾತ್ರೆಯ ಕಣದಲ್ಲಿ ಮೊದಲು ನಡೆಯುವುದು ಚಿಕ್ಕ ಹುಡುಗರ ಕುಸ್ತಿ, ಒಂದು ತೆಂಗಿನಕಾಯಿಗೆ. ಅದಕ್ಕೆ ಪಂಚನಾಗಿ ನಿಲ್ಲುವವನು ಹೆಚ್ಚಾಗಿ ಮುರಿದ ಕಿವಿಯವನೇ. ಹುಡುಗರಿಬ್ಬರೂ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡಾಗ ಅವನೂ ಕಷ್ಟದಿಂದ ಮೊಣಕಾಲು ಬಗ್ಗಿಸಿ ಒಂದು ಹಿಡಿ ತೆಗೆಯುತ್ತಾನೆ. ಇಬ್ಬರ ಬೆನ್ನಿಗೂ ಎರಚಿದ ಮೇಲೆ ಅಂಗೈಯಲ್ಲಿ ಉಳಿದದ್ದನ್ನು ಕೊಡವುವುದಿಲ್ಲ. ತನ್ನ ಕುತ್ತಿಗೆಗೆ, ಅಂಗಿಯ ಕಾಲರಿನ ಒಳಗೆ, ನಿಧಾನವಾಗಿ ಸವರಿಕೊಳ್ಳುತ್ತಾನೆ.